ಬಾಗಿಲ ಸಂದಿನ ಗಾಳಿ

ಕರೋಲ್ ಬಾಗ್‌ನಲ್ಲಿ ಮನೆ ಮಾಡಿಕೊಂಡವನಿಗೆ ತನ್ನ ಕಾರಿನ ಸದ್ದು ತನಗೇ ಗೊತ್ತಾಗುವುದಿಲ್ಲ. ಗಲ್ಲಿಯಿಂದ ಪೂಸಾ ರೋಡಿಗೆ ಬಂದು ಸೇರುವಷ್ಟರಲ್ಲಿ ಇ-ರಿಕ್ಷಾಗಳ ಹಾರ್ನು, ಲೆಹಂಗಾ ಅಂಗಡಿಗಳ ಮುಂದೆ ನಿಂತು ಗಿರಾಕಿಗಳನ್ನು ಕೂಗಿ ಕರೆಯುವ ಹುಡುಗರು, 2005ರ ಕೊನೆಯ ದಿನದಿಂದ ತಲೆಯ ಮೇಲೆ ಓಡುತ್ತಿರುವ ಮೆಟ್ರೋ, ಎಲ್ಲ ಸೇರಿ ಕಿವಿ ತುಂಬಿಸಿಬಿಡುತ್ತವೆ. ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಿದರೆ ಅದೇ ಪುಣ್ಯ. ಇಂಥ ಕಡೆ ಹೊಸ ಕಾರೂ ಒಂದೇ, ಹಳೆ ಕಾರೂ ಒಂದೇ.

ಹಳೆ ಕಾರನ್ನು ನಾವಾಗಿ ಬಿಡಲಿಲ್ಲ ಅನ್ನಿ. ದಿಲ್ಲಿಯ ಹೊಗೆ ನೋಡಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ, ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿ ರಸ್ತೆಗಿಳಿಯಬಾರದು ಅಂದಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. 2023ರಲ್ಲಿ ನಮ್ಮ ಕಾರಿಗೆ ಹದಿನೈದು ತುಂಬಿತು. ಎಂಜಿನ್ ಇನ್ನೂ ಗಟ್ಟಿಯಾಗಿತ್ತು. ಆದರೂ ಬ್ಯಾಂಕಿನವರ ಹಾಗೆ ಅದಕ್ಕೂ ವಯಸ್ಸಾಯಿತು ಅಂತ ನಿವೃತ್ತಿ ಕೊಟ್ಟೆವು. ಹೊಸದು ಬಂತು. ಯಾವ ಕಂಪನಿಯದು ಅಂತ ಕೇಳಬೇಡಿ. ಎಂಥಾ ಕಾರಿಗೂ ಬರಬಹುದಾದ ಕಾಯಿಲೆ ಇದು.

ಕಾಯಿಲೆ ಗೊತ್ತಾದದ್ದು ನೋಯ್ಡಾದಿಂದ ಗ್ರೇಟರ್ ನೋಯ್ಡಾಕ್ಕೆ ಹೋಗುವ ಎಕ್ಸ್‌ಪ್ರೆಸ್‌ವೇ ಮೇಲೆ. ಮಗಳ ಮನೆ ಆ ಕಡೆ ಇದೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ನಾವಿಬ್ಬರೂ ಹೋಗುತ್ತೇವೆ. ಮಹಾಮಾಯಾ ಫ್ಲೈಓವರ್ ಇಳಿದರೆ ಮುಂದೆ ಪರೀ ಚೌಕ್‌ವರೆಗೆ ಸುಮಾರು 25 ಕಿಲೋಮೀಟರ್, ಸಿಗ್ನಲ್ ಇಲ್ಲ, ಎಮ್ಮೆ ಇಲ್ಲ. ಎಪ್ಪತ್ತರವರೆಗೆ ಕಾರು ಬೆಣ್ಣೆಯ ಹಾಗೆ ಹೋಯಿತು. ಎಂಬತ್ತು ದಾಟುತ್ತಲೇ ಎಡಗಡೆ ಬಾಗಿಲಿನಿಂದ ಒಂದು ಸದ್ದು ಶುರುವಾಯಿತು. ಕುಕ್ಕರ್ ಸೀಟಿ ಹಾಕುವ ಮುಂಚೆ ಸುಯ್ ಅನ್ನುತ್ತದಲ್ಲ, ಹಾಗೆ. ತೊಂಬತ್ತಕ್ಕೆ ಅದು ಹುಯ್ಯಲಾಯಿತು. ನಮ್ಮವಳು ಕೂತಿದ್ದು ಅದೇ ಬಾಗಿಲಿನ ಪಕ್ಕ.

ಒಂದು ಸದ್ದಿಗೆ ಇಷ್ಟು ರಾಮಾಯಣವೇ ಅಂತ ನೀವು ಕೇಳಬಹುದು. ಕಾರಣ ಹೇಳುತ್ತೇನೆ.

ನಾವು ಮಗನ ಜೊತೆ ಇದ್ದೇವೆ. ಸೊಸೆ ಪಂಜಾಬಿ ಹುಡುಗಿ, ಬಹಳ ಒಳ್ಳೆಯವಳು. ಅವಳ ಎದುರು ನಾವಿಬ್ಬರೇ ಕನ್ನಡದಲ್ಲಿ ಗುಸುಗುಸು ಅಂದರೆ ತನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದಾರೆ ಅಂತ ಅವಳಿಗೆ ಅನ್ನಿಸಬಾರದು. ಇದು ನಮ್ಮವಳೇ ಹಾಕಿದ ನಿಯಮ. ಆದ್ದರಿಂದ ಮನೆಯಲ್ಲಿ ಎಲ್ಲರೂ ಹಿಂದಿ. ಮಗಳ ಮನೆಯಲ್ಲಿ ಮೊಮ್ಮಕ್ಕಳದು ಹಿಂದಿ-ಇಂಗ್ಲಿಷ್ ಕಲಸುಮೇಲೋಗರ. ಮೋತಿ ಬಾಗ್‌ನ ಕರ್ನಾಟಕ ಸಂಘಕ್ಕೆ ಹೋದರೆ ಕನ್ನಡ ಸಿಗುತ್ತದೆ, ಆದರೆ ಅದು ನಾಟಕ, ಯಕ್ಷಗಾನ, ರಾಜ್ಯೋತ್ಸವದ ಕನ್ನಡ. ಗಂಡ ಹೆಂಡತಿ ಆಡಿಕೊಳ್ಳುವ ಕನ್ನಡಕ್ಕೆ, ಅಂದರೆ ತಂಗಿಯ ಮಂಡಿನೋವು, ಊರಿನ ಅಡಿಕೆ ರೇಟು, ಯಾರ ಮಗಳಿಗೆ ಯಾವ ಸಂಬಂಧ ಬಂತು ಅನ್ನುವ ಮಾತಿಗೆ, ನಮಗಿರುವ ಜಾಗ ಕಾರು ಒಂದೇ. ಬಾಗಿಲು ಹಾಕಿಕೊಂಡರೆ ಅದು ಶಿವಮೊಗ್ಗ ಜಿಲ್ಲೆ.

ಇದರ ಜೊತೆಗೆ ಇನ್ನೊಂದು. ಎರಡು ವರ್ಷದಿಂದ ನಮ್ಮವಳ ಕಿವಿ ಸ್ವಲ್ಪ ಮಂದ. ಪರೀಕ್ಷೆ ಮಾಡಿಸಿದೆವು. ವಯಸ್ಸಾದಂತೆ ಮೊದಲು ಹೋಗುವುದು ತಾರಕದ ಸ್ವರಗಳಂತೆ. ಸ್ವರಾಕ್ಷರಗಳು ದಪ್ಪನೆ ಕೇಳಿಸುತ್ತವೆ. ಸ, ಶ, ಚ, ತ, ಕದಂಥ ವ್ಯಂಜನಗಳು ಜಾರಿಹೋಗುತ್ತವೆ. ಮಾತು ಕೇಳಿಸುತ್ತದೆ, ಆದರೆ ಏನಂದರು ಅಂತ ತಿಳಿಯುವುದಿಲ್ಲ. ಬಾಗಿಲ ಸಂದಿನ ಗಾಳಿಯ ಸುಯ್ ಕೂಡ ಅದೇ ತಾರಕದ ಸದ್ದು. ಉಳಿದಷ್ಟು ವ್ಯಂಜನಗಳನ್ನು ಅದು ನುಂಗಿಬಿಡುತ್ತದೆ. ಹಿಯರಿಂಗ್ ಏಡ್ ಹಾಕಿದರೆ? ಅದು ನನ್ನ ಮಾತನ್ನು ದೊಡ್ಡದು ಮಾಡುವಾಗ ಗಾಳಿಯನ್ನೂ ದೊಡ್ಡದು ಮಾಡುತ್ತದೆ.

ಮೂರ್ನಾಲ್ಕು ಭಾನುವಾರ ಹೀಗೇ ಹೋಯಿತು. ಮೊದಮೊದಲು "ಏನಂದ್ರಿ?" ಅನ್ನುತ್ತಿದ್ದವಳು ಆಮೇಲೆ ಎಲ್ಲದಕ್ಕೂ "ಹೂಂ" ಅನ್ನತೊಡಗಿದಳು. ಆಗಲೇ ಸಾಗರದಿಂದ ಅವಳ ಅಣ್ಣ ನನಗೆ ಫೋನ್ ಮಾಡಿದ್ದರು. ಹಳೆ ಮನೆ, ಅದರ ಹಿಂದಿನ ಎರಡು ಎಕರೆ ತೋಟ ಮಾರುವ ವಿಚಾರ. 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅವಳ ಸಹಿ ಬೇಕು. "ಭಾವ, ಅವಳನ್ನ ಒಂದು ಮಾತು ಕೇಳಿ ಹೇಳಿ" ಅಂದರು. ಎಕ್ಸ್‌ಪ್ರೆಸ್‌ವೇ ಮೇಲೆ ಎಲ್ಲ ವಿವರಿಸಿದೆ. ಆಕೆ "ಹೂಂ" ಅಂದಳು. ಹುಟ್ಟಿದ ಮನೆಯ ವಿಷಯಕ್ಕೆ ಇಷ್ಟು ಸಲೀಸಾಗಿ ಹೂಂ ಅನ್ನುವ ಹೆಂಗಸಲ್ಲ ಅವಳು. ಪರೀ ಚೌಕ್‌ನಲ್ಲಿ ಕಾರು ನಿಧಾನವಾದಾಗ ಮತ್ತೆ ಕೇಳಿದೆ.

"ಯಾವ ಮನೆ?" ಅಂದಳು.

ಆಮೇಲೆ ಒಂದು ನಿಮಿಷ ಸುಮ್ಮನಿದ್ದು, "ಎಷ್ಟು ಸಲ ಅಂತ ಏನಂದ್ರಿ ಏನಂದ್ರಿ ಅನ್ಲಿ? ನಿಮಗೂ ಬೇಜಾರಾಗುತ್ತೆ ಅಂತ ಹೂಂ ಅಂತೀನಿ" ಅಂದಳು.

ಮರುದಿನವೇ ಕಾರನ್ನು ಸರ್ವಿಸ್ ಸೆಂಟರ್‌ಗೆ ಒಯ್ದೆ. ಟೈ ಕಟ್ಟಿದ ಹುಡುಗ ಪಕ್ಕದಲ್ಲಿ ಕೂತು ಸಿಗ್ನಲ್‌ವರೆಗೆ ಹೋಗಿ ಬಂದ. ವೇಗ ಮೂವತ್ತು. "ನಾರ್ಮಲ್ ಹೈ ಸರ್" ಅಂದು ಕಾಗದದ ಮೇಲೆ ಟಿಕ್ ಹಾಕಿ, ಕಾರು ತೊಳೆಸಿ ಕೊಟ್ಟ. ಲೆಕ್ಕ ತಾಳೆಯಾಗದಿದ್ದರೂ "ಕರೆಕ್ಟ್" ಅಂತ ಟಿಕ್ ಹಾಕುವವರನ್ನು ನಾನು ಮೊದಲೂ ಕಂಡವನೇ. ಅಂಥ ಕಡೆ ವೋಚರ್ ಮೊದಲಿಂದ ನೋಡಬೇಕು.

ಮೊದಲು ಧೂಳು. ದಿಲ್ಲಿಯಲ್ಲಿ ಮೇ ತಿಂಗಳ ಆಂಧಿ ಬೀಸಿ ಹೋದ ಮೇಲೆ ಬಾಗಿಲು ತೆರೆದು ಚೌಕಟ್ಟಿನ ಒಳಮೈ ನೋಡಿ. ರಬ್ಬರ್ ಸರಿಯಾಗಿ ಕೂತ ಕಡೆ ಬಣ್ಣ ಶುಭ್ರವಾಗಿರುತ್ತದೆ. ಕೂರದ ಕಡೆ ಧೂಳಿನ ಗೆರೆ ಒಳಗೆ ಹರಿದಿರುತ್ತದೆ. ನಮ್ಮ ಕಾರಿನಲ್ಲಿ ಎಡ ಮುಂಬಾಗಿಲಿನ ಮೇಲ್ಮೂಲೆಯಲ್ಲಿ ಅಂಥದೊಂದು ಗೆರೆ ಇತ್ತು. ನವೆಂಬರ್ ಹೊಗೆ ಒಳಗೆ ಬರುವ ದಾರಿಯೂ ಅದೇ ಇದ್ದೀತು.

ಆಮೇಲೆ ನೋಟು. ಹಳೆಯ ಹತ್ತರ ನೋಟೊಂದನ್ನು ರಬ್ಬರಿನ ಮೇಲಿಟ್ಟು ಬಾಗಿಲು ಹಾಕಿ ಮೆಲ್ಲಗೆ ಎಳೆಯಬೇಕು. ಬಿಗಿಯಾಗಿ ಹಿಡಿದುಕೊಂಡು ಬಂದರೆ ಸರಿ. ಸಲೀಸಾಗಿ ಜಾರಿದರೆ ಅಲ್ಲಿ ಸಂದು ಇದೆ. ಒಂದೊಂದು ಗೇಣಿಗೆ ಒಂದೊಂದು ಸಲ, ನಾಲ್ಕೂ ಬಾಗಿಲು ನೋಡಿದೆ. ಮೂರು ಬಾಗಿಲು ನೋಟನ್ನು ಜಿಪುಣರ ಹಾಗೆ ಹಿಡಿದವು. ಅದೇ ಎಡ ಮುಂಬಾಗಿಲಿನ ಮೇಲ್ಮೂಲೆ ಮಾತ್ರ ಸಾಲ ತೀರಿಸುವವನ ಹಾಗೆ ಬಿಟ್ಟುಕೊಟ್ಟಿತು.

ಕೊನೆಗೆ ಟೇಪು. ಮುಂದಿನ ಭಾನುವಾರ ಎಕ್ಸ್‌ಪ್ರೆಸ್‌ವೇಗೆ ಮುಂಚೆ ಸಿಗುವ ಪೆಟ್ರೋಲ್ ಬಂಕಿನಲ್ಲಿ ಅವಳನ್ನು ಒಳಗೆ ಕೂರಿಸಿ, ಪೇಂಟಿನವರು ಬಳಸುವ ಮಾಸ್ಕಿಂಗ್ ಟೇಪನ್ನು ಬಾಗಿಲ ಸುತ್ತ ಹೊರಗಿನಿಂದ ಅಂಟಿಸಿದೆ. "ಏನ್ರೀ, ನನ್ನನ್ನ ಪಾರ್ಸೆಲ್ ಮಾಡ್ತಿದ್ದೀರಾ?" ಅಂದಳು. ಬಂಕಿನ ಹುಡುಗರು ನಕ್ಕರು. ತೊಂಬತ್ತಕ್ಕೆ ಹೋದರೂ ಸುಯ್ ಇಲ್ಲ. ಹೊರಗಿನ ಕನ್ನಡಿಯ ಸುತ್ತ ಗಾಳಿ ಹೊರಳುವ ಮಂದ್ರದ ಹೂಂಕಾರ ಮಾತ್ರ ಉಳಿದಿತ್ತು. ಹಾಗಾದರೆ ಕಳ್ಳ ಬಾಗಿಲಿನಲ್ಲೇ ಇದ್ದಾನೆ ಅಂತಾಯಿತು.

ಊರೊಳಗೆ ಸುಮ್ಮನಿರುವ ಸಂದು ಎಂಬತ್ತಕ್ಕೆ ಯಾಕೆ ಬಾಯಿ ಬಿಡುತ್ತದೆ ಅಂದರೆ, ವೇಗ ಹೆಚ್ಚಿದಂತೆ ಗಾಳಿ ಮುಂದಿನ ಗಾಜಿನ ಪಕ್ಕದ ಕಂಬವನ್ನು ಬಳಸಿಕೊಂಡು ಕಿಟಕಿಯ ಮೇಲೆ ರಭಸದಿಂದ ಹರಿಯುತ್ತದೆ. ಅಲ್ಲಿ ಹೊರಗಿನ ಒತ್ತಡ ಒಳಗಿನದಕ್ಕಿಂತ ಕಡಿಮೆಯಾಗಿ, ಗಾಜಿನ ಚೌಕಟ್ಟು ಕೂದಲೆಳೆಯಷ್ಟು ಹೊರಕ್ಕೆ ಸೆಳೆಯಲ್ಪಡುತ್ತದೆ. ಮೊದಲೇ ಸಡಿಲವಿದ್ದ ರಬ್ಬರ್ ಅಲ್ಲಿ ಕೈಬಿಡುತ್ತದೆ, ಒಳಗಿನ ಗಾಳಿ ಸುಯ್ ಅಂತ ಹೊರಗೆ ಹೋಗುತ್ತದೆ. ಇನ್ನು ಗಾಳಿಯ ಸುಳಿಗಳು ಹೊರಮೈಗೆ ಬಡಿದು ಹುಟ್ಟುವ ಸದ್ದಿನ ಶಕ್ತಿ ವೇಗದ ಸುಮಾರು ಆರನೆಯ ಘಾತದಂತೆ ಏರುತ್ತದೆ. ಐವತ್ತರಿಂದ ನೂರಕ್ಕೆ ಹೋದರೆ 64 ಪಟ್ಟು. ಚಕ್ರಬಡ್ಡಿಯೂ ನಾಚಬೇಕು. ಪುಣ್ಯಕ್ಕೆ ನಮ್ಮ ಕಿವಿ ಅದನ್ನು ಮೂರೂವರೆ ಪಟ್ಟು ಅಂತಷ್ಟೇ ಲೆಕ್ಕ ಬರೆದುಕೊಳ್ಳುತ್ತದೆ.

ರೋಗ ಗೊತ್ತಾದ ಮೇಲೆ ವೈದ್ಯನನ್ನು ಹುಡುಕಿ ದೂರ ಹೋಗಬೇಕಾಗಿರಲಿಲ್ಲ. ಕರೋಲ್ ಬಾಗ್ ಅಂದರೆ ಕಾರಿನ ಸಾಮಾನಿಗೆ ಇಡೀ ಉತ್ತರ ಭಾರತವೇ ಬರುವ ಜಾಗ. ಸೀಟ್ ಕವರ್, ಸ್ಪೀಕರ್, ಲೈಟು, ಕಾಲಡಿಯ ಮ್ಯಾಟು, ಎಲ್ಲ ನಾಯಿವಾಲಾದಲ್ಲಿ. ಹೊಸದಾಗಿ ಬಂದಾಗ ಈ ಹೆಸರು ಕೇಳಿ ನಾಯಿ ಮಾರುವ ಗಲ್ಲಿ ಅಂದುಕೊಂಡಿದ್ದಳು ನಮ್ಮವಳು. ಹಿಂದಿಯಲ್ಲಿ ನಾಯಿ ಅಂದರೆ ಕ್ಷೌರಿಕ. ಸೋಮವಾರ ಪೇಟೆ ರಜ. ಮಂಗಳವಾರ ಅಂಗಡಿ ತೆರೆಯುವ ಹೊತ್ತಿಗೇ ಹೋದೆ. ಹನ್ನೆರಡು ಹೊಡೆದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಅಂಗಡಿಯವನು ರಬ್ಬರಿನ ಸುರುಳಿಗಳನ್ನು ಹರವಿ, "ಡಿ ಚಾಹಿಯೇ, ಪಿ ಯಾ ಝಡ್?" ಅಂದ. ರಬ್ಬರನ್ನು ಅಡ್ಡ ಕತ್ತರಿಸಿದರೆ ಕಾಣುವ ಆಕಾರದ ಹೆಸರುಗಳು ಅವು. ನಾಲ್ಕೂ ಬಾಗಿಲಿಗೆ ಎರಡು ಸುತ್ತು ಹಾಕಿಸಿ ಅಂಕಲ್‌ಜೀ, ಕಾರು ದೇವಸ್ಥಾನದ ಹಾಗಾಗುತ್ತೆ ಅಂದ. ಅಷ್ಟರಲ್ಲಿ ಒಳಗಿನಿಂದ ಬಂದ ಮುದುಕ ಮಿಸ್ತ್ರಿ ಅವನನ್ನು ಸುಮ್ಮನಿರಿಸಿ ಬಾಗಿಲ ರಬ್ಬರಿನ ಮೇಲೆ ಎರಡು ಬೆರಳು ಇಟ್ಟು ಮೆಲ್ಲಗೆ ಸವರುತ್ತ ಹೋದ. ಇದೇ ಕರೋಲ್ ಬಾಗ್‌ನಲ್ಲಿ ಹಕೀಂ ಅಜ್ಮಲ್ ಖಾನ್ ಕಟ್ಟಿದ, 1921ರಲ್ಲಿ ಗಾಂಧೀಜಿ ಉದ್ಘಾಟಿಸಿದ ತಿಬ್ಬಿಯಾ ಕಾಲೇಜಿದೆ. ಅಲ್ಲಿನ ಯುನಾನಿ ವೈದ್ಯರು ನಾಡಿ ಹಿಡಿಯುವುದು ಹೀಗೇ ಇರಬೇಕು ಅನ್ನಿಸಿತು. ಮೇಲ್ಮೂಲೆಗೆ ಬಂದು ಬೆರಳು ನಿಂತಿತು. ನಾನು ಧೂಳು, ನೋಟು, ಟೇಪಿನ ಕತೆ ಹೇಳಲು ಬಾಯಿ ತೆರೆಯುವ ಮೊದಲೇ "ಯಹಾಂ" ಅಂದ.

ಅವನು ಹೇಳಿದ್ದು ಇಷ್ಟು: ದಪ್ಪ ರಬ್ಬರ್ ಎಲ್ಲ ಕಡೆ ಅಂಟಿಸಿದರೆ ಬಾಗಿಲು ಹೊರಕ್ಕೆ ನಿಲ್ಲುತ್ತದೆ, ದಬಾರ್ ಅಂತ ಹಾಕಬೇಕಾಗುತ್ತದೆ, ಇದ್ದ ಬಿಗಿಯೂ ಹೋಗುತ್ತದೆ. ಬಾಗಿಲ ಕೆಳಗೆ ಮಳೆನೀರು ಇಳಿದುಹೋಗುವ ತೂತುಗಳಿವೆ. ಅವನ್ನು ಮುಚ್ಚಿದರೆ ಒಳಗೇ ತುಕ್ಕು. ಮೊದಲು ಬಾಗಿಲು ಕೂರಿಸು, ಆಮೇಲೆ ರಬ್ಬರ್.

ನಡುಗಂಬದಲ್ಲಿ ಬಾಗಿಲ ಚಿಲಕ ಕಚ್ಚುವ ಯು ಆಕಾರದ ಕೊಂಡಿಯ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿ, ಎರಡು ಸ್ಕ್ರೂ ಸಡಿಲಿಸಿ, ಕೊಂಡಿಯನ್ನು ಒಂದು ಮಿಲಿಮೀಟರಿನಷ್ಟು ಒಳಕ್ಕೆ ತಟ್ಟಿ ಮತ್ತೆ ಬಿಗಿದ. ಆಮೇಲೆ ಚಿಲಕದ ಹತ್ತಿರ ಬಟ್ಟೆಯ ಉಂಡೆಯೊಂದನ್ನು ಸಿಕ್ಕಿಸಿ, ಮೊಣಕಾಲು ಕೊಟ್ಟು, ಹೊಸ ಕಾರಿನ ಬಾಗಿಲ ಮೇಲ್ಚೌಕಟ್ಟನ್ನು ಎರಡೂ ಕೈಯಿಂದ ಒಳಕ್ಕೆ ಅದುಮಿದ. ನನ್ನ ಜೀವ ಬಾಯಿಗೆ ಬಂತು. ಮಿಸ್ತ್ರಿ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದು ತೋರಿಸಿದ. ಕಾಗದ ಹರಿಯಿತೇ ಹೊರತು ಬರಲಿಲ್ಲ. ಮೇಲ್ಮೂಲೆಗೆ ಮಾತ್ರ ಒಂದು ಮೊಳ ತೆಳು ಡಿ ರಬ್ಬರ್ ಅಂಟಿಸಿ, ಒಂದು ದಿನ ನೀರು ಹಾಕಬೇಡಿ ಅಂದ. ತೆಗೆದುಕೊಂಡದ್ದು ಐನೂರು ರೂಪಾಯಿ. ನೋಡುತ್ತಿದ್ದ ಅಂಗಡಿಯವನಿಗೆ ಸಂಕಟ.

ಮುಂದಿನ ಭಾನುವಾರ ಮಹಾಮಾಯಾ ಫ್ಲೈಓವರ್ ಇಳಿದು ವೇಗ ಏರಿಸಿದೆ. ಎಂಬತ್ತು, ತೊಂಬತ್ತು. ಕನ್ನಡಿಯ ಹೂಂಕಾರ ಇತ್ತು, ಟೈರಿನ ಗುರ್ ಇತ್ತು, ಸುಯ್ ಇಲ್ಲ. ನಾನು ಎಂದಿನ ದನಿಯಲ್ಲಿ, ಮುಖ ತಿರುಗಿಸದೆ, "ಸಾಗರದ ಮನೆ ವಿಷಯ ಏನ್ಮಾಡೋಣ ಕಣೇ?" ಅಂದೆ.

ಆಕೆ ಏನಂದ್ರಿ ಅನ್ನಲಿಲ್ಲ. ಸ್ವಲ್ಪ ಹೊತ್ತು ರಸ್ತೆ ನೋಡುತ್ತಿದ್ದು, ಶುರು ಮಾಡಿದಳು. ಆಷಾಢದ ಗಾಳಿಗೆ ಹಿತ್ತಿಲ ಬಾಗಿಲ ಸಂದು ಹೇಗೆ ಕೂಗುತ್ತಿತ್ತು, ಅಮ್ಮ ಹಳೆ ಸೀರೆ ತುಂಡು ಸುತ್ತಿ ಅಲ್ಲಿ ಹೇಗೆ ತುರುಕುತ್ತಿದ್ದಳು, ಮದುವೆಯಾಗಿ ಹೊರಟ ದಿನ ಆ ತುಂಡು ಯಾವ ಸೀರೆಯದು ಅಂತ ಕೇಳಬೇಕೆಂದುಕೊಂಡು ಕೇಳದೆ ಬಂದದ್ದು. ನಲವತ್ತು ವರ್ಷದ ಸಂಸಾರದಲ್ಲಿ ಇವನ್ನೆಲ್ಲ ನಾನು ಕೇಳಿರಲಿಲ್ಲ.

"ಮಾರೋದಾದ್ರೆ ಮಾರ್ಲಿ ರೀ. ಅಣ್ಣನಿಗೂ ಎಪ್ಪತ್ತು ದಾಟ್ತು, ಹೆಂಚು ಕೈಯಾಡ್ಸೋಕೂ ಆಳು ಸಿಗಲ್ಲವಂತೆ. ಆದ್ರೆ ನೀವು ಹೇಳ್ಬೇಡಿ, ನಾನೇ ಫೋನ್ ಮಾಡ್ತೀನಿ. ಸಹಿ ಹಾಕೋ ಮುಂಚೆ ಒಂದು ಆಷಾಢ ಅಲ್ಲಿ ಇದ್ದು ಬರ್ಬೇಕು."

ಟಿಕೆಟ್ ನೋಡುತ್ತೇನೆ ಅಂದೆ. ಪರೀ ಚೌಕ್ ಬಂದರೂ ಅವಳ ಮಾತು ಮುಗಿದಿರಲಿಲ್ಲ. ಮಗಳ ಮನೆಯ ಗೇಟಿನ ಹೊರಗೆ ಕಾರು ನಿಲ್ಲಿಸಿ, ಇನ್ನೂ ಹದಿನೈದು ನಿಮಿಷ ಬಾಗಿಲು ತೆರೆಯದೆ ಕೂತಿದ್ದೆವು.