ಕೊನೇಲಿ ಒಂದು ಎಮ್

ಹಳೇ ಗ್ರಾಫಿಕ್ಸ್ ಕಾರ್ಡುಗಳನ್ನ ಬರೀ ಹೆಸರು ನೋಡಿ ಕೊಳ್ಳಬೇಡಿ ಅಂತ ನಾನು ಬಹಳ ಜನಕ್ಕೆ ಹೇಳಿದ್ದೀನಿ. ಎರಡನೇ ವಾಕ್ಯಕ್ಕೇ ಆಕಳಿಸ್ತಾರೆ :-) ಈ ಸಲ ಮಾತ್ರ ಒಬ್ಬ ಪೂರ್ತಿ ಕೇಳಿಸಿಕೊಂಡ. ಯಾಕಂದ್ರೆ ಹೋಗೋ ದುಡ್ಡು ಅವನದೇ.

ಅರಕಲಗೂಡಿನಲ್ಲಿ ನಮ್ಮ ಚಿಕ್ಕಪ್ಪನ ಮಗನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಕೊಣನೂರು, ರಾಮನಾಥಪುರದ ಕಡೆಯಿಂದಲೂ ಕರೀತಾರೆ. ವಿಡಿಯೋ ಎಡಿಟಿಂಗಿಗೆ ಇರೋದು ಜೀಫೋರ್ಸ್ ಜಿಟಿಎಕ್ಸ್ 960 ಕಾರ್ಡಿನ ಒಂದು ಡೆಸ್ಕ್‌ಟಾಪು. ಅದನ್ನ ಮಾರಿ, ಮೇಲಿಷ್ಟು ಸಾಲ ಮಾಡಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳೋದು ಅವನ ಲೆಕ್ಕ. ಆ ಲ್ಯಾಪ್‌ಟಾಪಿನಲ್ಲಿ ಇರೋದು 960ಎಮ್.

"ಎರಡೂ ಒಂದೇ ಕಣಣ್ಣ, ಕೊನೇಲಿ ಒಂದು ಎಮ್ ಜಾಸ್ತಿ ಅಷ್ಟೆ. ಕರೆಂಟ್ ಹೋದ್ರೂ ಕೆಲಸ ನಿಲ್ಲಲ್ಲ" ಅಂದ.

ಎರಡೂ ಬಂದದ್ದು 2015ರಲ್ಲೇ. ಆದರೆ ಡೆಸ್ಕ್‌ಟಾಪಿನ 960ರಲ್ಲಿ 1024 ಕೋರ್ ಇದ್ದರೆ 960ಎಮ್‌ನಲ್ಲಿ ಇರೋದು 640. ಚಿಪ್ಪೇ ಬೇರೆ. ಎಮ್ ಒಳಗಿರೋದು 2014ರಲ್ಲಿ ಡೆಸ್ಕ್‌ಟಾಪಿಗೆ 750 ಟಿಐ ಅನ್ನೋ ಹೆಸರಲ್ಲಿ ಬಂದಿದ್ದ ಚಿಪ್ಪು. ಕೆಳಗಿನ ತರಗತಿಯ ಹುಡುಗನಿಗೆ ಮೇಲಿನ ತರಗತಿಯ ಯೂನಿಫಾರ್ಮ್ ಹಾಕಿ ಕೂರಿಸಿದಂಗೆ. ಮೆಮೊರಿ ದಾರಿಯ ಅಗಲ ಎರಡರಲ್ಲೂ 128 ಬಿಟ್ಟೇ, ಆದರೆ ವೇಗ ಬೇರೆ. ಗೊರೂರಿನಿಂದ ಬರೋ ನಾಲೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ನಾಲೆ ಅಗಲ ಅಷ್ಟೇ ಇದ್ದರೂ ನೀರು ಓಡೋ ರಭಸದ ಮೇಲೆ ಗದ್ದೆ ತುಂಬೋದು. 960ರಲ್ಲಿ ಸೆಕೆಂಡಿಗೆ 112 ಗಿಗಾಬೈಟ್ ಹರಿದರೆ ಎಮ್‌ನಲ್ಲಿ 80.

ಆಟ ಆಡೋರಾದರೆ ಚಿತ್ರದ ಗುಣಮಟ್ಟ ಸ್ವಲ್ಪ ಇಳಿಸಿಕೊಂಡು ಸುಮ್ಮನಾಗಬಹುದು. ಇವನಿಗೆ ಅದಕ್ಕಿಂತ ದೊಡ್ಡ ತೊಡಕೊಂದಿದೆ. ಈಗಿನ ಕ್ಯಾಮೆರಾ, ಮೊಬೈಲುಗಳು ಎಚ್.265 ಅಂತ ಬಹಳ ಒತ್ತಿ ಕಟ್ಟಿದ ವಿಡಿಯೋ ಕೊಡ್ತವೆ. ಅದನ್ನ ಬಿಚ್ಚೋಕೆ ಪ್ರತ್ಯೇಕ ಸರ್ಕ್ಯೂಟ್ 960ರ ಚಿಪ್ಪಿನಲ್ಲಿ ಪೂರ್ತಿಯಾಗಿ ಇದೆ, 960ಎಮ್‌ನಲ್ಲಿ ಇಲ್ಲ. ಅಲ್ಲಿ ಆ ಭಾರ ಇಂಟೆಲ್ ಪ್ರೊಸೆಸರಿನ ಮೇಲೆ ಬೀಳುತ್ತೆ. ಅದೇನಾದರೂ ಆರನೇ ಪೀಳಿಗೆಯದಾದರೆ ಅದರ ಸ್ವಂತ ಗ್ರಾಫಿಕ್ಸ್ 8 ಬಿಟ್ ವಿಡಿಯೋವನ್ನ ಹೇಗೋ ನಿಭಾಯಿಸುತ್ತೆ, 10 ಬಿಟ್ ಬಂದರೆ ಅದಕ್ಕೂ ಕಷ್ಟ. ನಾಲ್ಕನೇ ಪೀಳಿಗೆಯದಾದರೆ ಧಾರೆ ಎರೆಯೋ ಹೊತ್ತಿಗೇ ಚಿತ್ರ ನಿಂತು ನಿಂತು ಓಡುತ್ತೆ. ಮುಹೂರ್ತದ ದೃಶ್ಯ ಕಟ್ ಮಾಡ್ತಾ ಕೂತವನಿಗೆ ಇದು ಕೋರ್ ಲೆಕ್ಕಕ್ಕಿಂತ ದೊಡ್ಡ ವಿಷಯ, ಆದರೆ ಅಂಗಡಿಯಲ್ಲಿ ಯಾರೂ ಹೇಳಲ್ಲ.

ಇನ್ನು ಕರೆಂಟಿನ ಮಾತು. ಇಂಥ ಲ್ಯಾಪ್‌ಟಾಪುಗಳು ಬ್ಯಾಟರಿ ಮೇಲೆ ಓಡುವಾಗ ಗ್ರಾಫಿಕ್ಸ್ ಚಿಪ್ಪಿನ ವೇಗವನ್ನ ತಾವೇ ಕಡಿಮೆ ಮಾಡಿಕೊಳ್ತವೆ. ಹಳೇ ಬ್ಯಾಟರಿ ಬೇರೆ. ಕರೆಂಟ್ ಹೋದಾಗ ಗಿರಾಕಿಗೆ ಆಲ್ಬಮ್ ತೋರಿಸಬಹುದು, ಮೂರು ಗಂಟೆಯ ಮದುವೆ ವಿಡಿಯೋ ರೆಂಡರ್ ಮಾಡೋಕಾಗಲ್ಲ. ಸಾಲದ್ದಕ್ಕೆ ಆ ಚಿಪ್ಪನ್ನ ಮದರ್‌ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಡೆಸ್ಕ್‌ಟಾಪಿನ ಕಾರ್ಡ್ ಸತ್ತರೆ ಸ್ಕ್ರೂ ಬಿಚ್ಚಿ ಇನ್ನೊಂದು ಸಿಕ್ಕಿಸಿದರಾಯ್ತು. ಲ್ಯಾಪ್‌ಟಾಪಿನಲ್ಲಿ ಬೋರ್ಡಿಗೇ ಕೈ ಹಾಕಬೇಕು.

ಈ ಹೆಸರಿನ ಆಟ 960ಕ್ಕೆ ಶುರುವಾದದ್ದಲ್ಲ. 2008ರ ಡೆಸ್ಕ್‌ಟಾಪ್ ಜಿಟಿಎಕ್ಸ್ 280ರಲ್ಲಿ 240 ಕೋರ್ ಇತ್ತು. ಮಾರನೇ ವರ್ಷದ 280ಎಮ್‌ನಲ್ಲಿ 128, ಅದೂ ಹಿಂದಿನ ಪೀಳಿಗೆಯ ಚಿಪ್ಪು. ಎಟಿಐನವರೂ ಕಮ್ಮಿ ಇರಲಿಲ್ಲ. ಡೆಸ್ಕ್‌ಟಾಪ್ ರೇಡಿಯಾನ್ ಎಚ್‌ಡಿ 5870ರಲ್ಲಿ 1600 ಕೋರ್, 2010ರ ಮೊಬಿಲಿಟಿ 5870ರಲ್ಲಿ ಸರಿಯಾಗಿ ಅರ್ಧ, 800. 188 ವ್ಯಾಟ್ ಕುಡಿಯೋ ಚಿಪ್ಪನ್ನ ತೊಡೆ ಮೇಲಿಟ್ಟುಕೊಳ್ಳೋ ಪೆಟ್ಟಿಗೆಯಲ್ಲಿ ಕೂರಿಸೋಕಾಗಲ್ಲ, ಒಪ್ಪೋಣ. ಹಾಗಂತ ಅದೇ ನಂಬರ್ ಯಾಕೆ ಕೊಡಬೇಕಿತ್ತು? ಅದು ಶಾಖದ ಲೆಕ್ಕ ಅಲ್ಲ, ಮಾರಾಟದ ಲೆಕ್ಕ.

2016ರಲ್ಲಿ ಎನ್ವಿಡಿಯಾ ಆ ಎಮ್ ತೆಗೆದು ಹಾಕಿತು. 6 ಜಿಬಿಯ ಜಿಟಿಎಕ್ಸ್ 1060 ಡೆಸ್ಕ್‌ಟಾಪಿನಲ್ಲೂ 1280 ಕೋರ್, ಲ್ಯಾಪ್‌ಟಾಪಿನಲ್ಲೂ 1280. ವೇಗದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ, ಎಚ್.265 ಕೂಡ ಚೆನ್ನಾಗಿ ಬಿಚ್ಚುತ್ತೆ. ಹಳೇ ಲ್ಯಾಪ್‌ಟಾಪೇ ಬೇಕು ಅನ್ನೋರಿಗೆ ನಾನು ಹೇಳೋದು ಇದನ್ನೇ. ಆಮೇಲೆ ಮತ್ತೆ ಹಳೇ ಚಾಳಿ. ಡೆಸ್ಕ್‌ಟಾಪ್ ಆರ್‌ಟಿಎಕ್ಸ್ 4090ರಲ್ಲಿ 16384 ಕೋರ್, 2023ರ ಲ್ಯಾಪ್‌ಟಾಪ್ 4090ರಲ್ಲಿ 9728. ಗುರುತಿಗೆ ಒಂದು ಎಮ್ ಕೂಡ ಇಲ್ಲ!

ತಮ್ಮ ಸದ್ಯಕ್ಕೆ ಡೆಸ್ಕ್‌ಟಾಪ್ ಮಾರಿಲ್ಲ. ಅದಕ್ಕೊಂದು ಒಳ್ಳೇ ಯುಪಿಎಸ್ ಹಾಕಿಸಿದ್ದಾನೆ, ಕರೆಂಟ್ ಹೋದರೆ ಕೆಲಸ ಸೇವ್ ಮಾಡಿ ಮುಚ್ಚೋಕೆ ಸಾಕು. 1060 ಇರೋ ಲ್ಯಾಪ್‌ಟಾಪು ಆಷಾಢದಲ್ಲಿ ನೋಡೋಣ ಅಂತ ಮಾತಾಗಿದೆ, ಆಗ ಮದುವೆಗಳಿರಲ್ಲ, ಪುರುಸೊತ್ತು. ಜಿಪಿಯು-ಝಡ್ ಅನ್ನೋ ಪುಟ್ಟ ತಂತ್ರಾಂಶವನ್ನ ಪೆನ್ ಡ್ರೈವಿಗೆ ಹಾಕಿ ಕೊಟ್ಟಿದ್ದೀನಿ. ಶೇಡರ್ಸ್ ಅಂತ ಇರೋ ಕಡೆ 1280 ಕಾಣದಿದ್ದರೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಮುಂದಿನ ಅಂಗಡಿಗೆ ನಡಿ ಅಂದಿದ್ದೀನಿ.