ಪರಕಾಯ ಪ್ರವೇಶ

ಮನುಷ್ಯನಿಗೆ ಹೊಸ ಬುದ್ಧಿ ಬರುವುದು ಹತ್ತು ವರ್ಷಕ್ಕೊಮ್ಮೆ. ಕೆಲವರಿಗೆ ಅದೂ ಇಲ್ಲ. ಕಂಪ್ಯೂಟರಿಗೆ ಮಾತ್ರ ವಾರಕ್ಕೊಮ್ಮೆ ಬರುತ್ತದೆ. ಅದಕ್ಕೆ ಅಪ್‌ಡೇಟ್ ಎಂದು ಹೆಸರು. ಕನ್ನಡದಲ್ಲಿ ನವೀಕರಣ ಎನ್ನಬಹುದು. ಆದರೆ ನಮ್ಮ ಕಡೆ ನವೀಕರಣವೆಂದರೆ ಮನೆಯ ಹಳೆಯ ಹಂಚು ಇಳಿಸಿ ಹೊಸದನ್ನು ಹೊದಿಸುವುದು. ಹಂಚು ಇಳಿಸಿದ ದಿನವೇ ಮಳೆ ಹಿಡಿದರೆ ಒಳಗಿದ್ದವರ ಗತಿ ಏನೆಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಷಾಢದ ಒಂದು ಸಂಜೆ ನನ್ನ ಕಂಪ್ಯೂಟರಿಗೆ ಆದದ್ದು ಅದೇ.

ಮೊದಲು ಯಂತ್ರದ ಕುಲಗೋತ್ರ ಹೇಳಿಬಿಡುತ್ತೇನೆ. ಹಳೆಯ ಲ್ಯಾಪ್‌ಟಾಪು. ಅದರ ಒಳಗಿನ ಡಿಸ್ಕಿನಲ್ಲಿ ವಿಂಡೋಸ್ 10. ಅದರೊಳಗೆ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ಇಪ್ಪತ್ತು ವರ್ಷದ ಪಾಠದ ಟಿಪ್ಪಣಿಗಳು. ಆ ವಿಂಡೋಸಿಗೆ 2025ರ ಅಕ್ಟೋಬರ್ 14ರ ತರುವಾಯ ಮಾಮೂಲು ಬೆಂಬಲ ಇರುವುದಿಲ್ಲವೆಂದು ಬಹಳ ಮೊದಲೇ ಪ್ರಕಟವಾಗಿತ್ತು. ಅದರ ಮುಂದಿನದಾದ ವಿಂಡೋಸ್ 11 ಕೇಳುವ ಟಿಪಿಎಂ 2.0 ಮೊದಲಾದ ಅರ್ಹತೆಗಳು ನನ್ನ ಮುದುಕನಲ್ಲಿ ಇರಲಿಲ್ಲ. ಹಳೆಯದನ್ನು ಮುಟ್ಟದೆ ಹೊಸ ಸಂಸಾರ ಹೂಡುವ ದಾರಿಯೊಂದುಂಟು: ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಹೊರ ಡ್ರೈವೊಂದರಲ್ಲಿ ಬೇರೆ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಿ, ಅದನ್ನು ತಂತಿಯಿಂದ ಜೋಡಿಸಿ, ಅಲ್ಲಿಂದಲೇ ಯಂತ್ರವನ್ನು ಎಬ್ಬಿಸುವುದು. ಹಳೆಯ ವಿದ್ಯಾರ್ಥಿಯೊಬ್ಬ ಡೆಬಿಯನ್ 12 ಎಂಬುದನ್ನು ಹಾಗೆ ಹಾಕಿಕೊಟ್ಟ.

ಡೆಬಿಯನ್ 1993ರಲ್ಲಿ ಇಯಾನ್ ಮರ್ಡಾಕ್ ಎಂಬಾತ ಆರಂಭಿಸಿದ ಲಿನಕ್ಸ್ ಬಳಗ. ಪ್ರಿಯತಮೆ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಈ ಪದ ಮಾಡಿದನಂತೆ. ನಡುವಿನ 'ರಾ' ಹಾರಿಹೋದದ್ದು ಯಾವ ಸೂತ್ರದಿಂದ ಎಂದು ಕೇಶಿರಾಜ ಕೇಳಿಯೇ ಕೇಳುತ್ತಿದ್ದ. ಪ್ರೇಮದಲ್ಲಿ ಅಷ್ಟು ಲೋಪ ಕ್ಷಮ್ಯ. ನನಗೆ ಅದು ಹಿಡಿಸಿದ್ದು ಬೇರೆ ಕಾರಣಕ್ಕೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಅದರಲ್ಲಿ ಸಿದ್ಧವಾಗಿಯೇ ಇತ್ತು. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ.

ಆ ಡ್ರೈವಿನಲ್ಲಿ ಯಲ್ಲಾಪುರದ ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ಹಾಡುಗಳಿದ್ದವು. ಆಕೆಗೆ ಎಂಬತ್ತು ದಾಟಿದೆ. ಮದುವೆಯಲ್ಲಿ, ಹಸೆಯ ಮುಂದೆ, ಆರತಿಯ ಹೊತ್ತಿಗೆ ಹೇಳುವ ಹಾಡುಗಳು; ಯಾವ ಪುಸ್ತಕದಲ್ಲಿಯೂ ನಾನು ನೋಡದವು ಅದರಲ್ಲಿ ಬಹಳ ಇದ್ದುವು. ಮಳೆ ಹಿಡಿದ ಮೊದಲ ವಾರಗಳಲ್ಲಿ ಎರಡು ಸಲ ಮಂಚಿಕೇರಿಯ ದಾರಿಯಾಗಿ ಹೋಗಿ ಕೂತು ಹತ್ತೊಂಬತ್ತು ಹಾಡು ಮುದ್ರಿಸಿಕೊಂಡೆ. "ಇದ್ನೆಲ್ಲ ಎಂತಕ್ಕೆ ಹಿಡ್ಕತ್ಯೋ ಮಾಣಿ?" ಎಂದು ಆಕೆ ನಡುವೆ ಕೇಳಿದ್ದೂ ಅದರಲ್ಲಿದೆ. ಮೂರನೆಯ ಸಲ ಹೋಗುವ ಮುಂಚೆ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋದವು. ಪ್ರತಿ ಅಮಾವಾಸ್ಯೆಗೆ ಡ್ರೈವಿನ ಇನ್ನೊಂದು ಪ್ರತಿಯನ್ನು ಸಿದ್ದಾಪುರದ ಷಡ್ಡಕರ ಮನೆಯ ಡಿಸ್ಕಿಗೆ ಹಾಕಿಡುವುದು ನನ್ನ ರೂಢಿ. ಹಾಡುಗಳು ಬಂದದ್ದು ಎರಡು ಅಮಾವಾಸ್ಯೆಗಳ ನಡುವೆ. ಕರೆಂಟು ಹೋದದ್ದೂ ಆ ನಡುವೆಯೇ.

ಅಂದು ಅಪ್‌ಡೇಟ್ ನಡೆಯುತ್ತಿತ್ತು. ನಾನು ಪಕ್ಕದ ಕಿಟಕಿಯಲ್ಲಿ ಒಂದು ಹಾಡಿನ ಪಾಠವನ್ನು ಬೆರಳಚ್ಚು ಮಾಡುತ್ತಿದ್ದೆ. ಊರೆಲ್ಲ ಕತ್ತಲಾಯಿತು. ಮುದುಕ ಲ್ಯಾಪ್‌ಟಾಪಿನ ಬ್ಯಾಟರಿ ನಾಲ್ಕು ನಿಮಿಷ ಉಸಿರು ಹಿಡಿದು ಕಣ್ಣು ಮುಚ್ಚಿತು. ಬೆಳಗ್ಗೆ ಎಬ್ಬಿಸಿದರೆ ಕಪ್ಪು ಪರದೆ, ಅದರ ಮೇಲೆ ಬಿಳಿಯ ಸಾಲುಗಳು, ಕೊನೆಯಲ್ಲಿ ಕಂಸದೊಳಗೆ ಒಂದು ವಿಚಿತ್ರ ಪದ: ಇನಿಟ್‌ರಾಮ್‌ಎಫ್‌ಎಸ್. ಅದರ ಮುಂದೆ ಮಿನುಗುವ ಗೆರೆ. ಅಂದರೆ ಜಗುಲಿಯ ತನಕ ಬಂದಿದ್ದೇನೆ, ನಡುಮನೆಯ ಬಾಗಿಲು ತೆರೆಯಲಾರೆ, ಏನು ಮಾಡಲಿ ಹೇಳು, ಎಂದು ಯಂತ್ರ ಕೇಳುವುದು. ಅರ್ಥವಾದವರಿಗೆ ಇದೊಂದು ವಿನಯದ ಪ್ರಶ್ನೆ. ಆ ಹೊತ್ತಿಗೆ ನನಗೆ ಮರಣವಾರ್ತೆಯಂತೆ ಕಂಡಿತು.

ಪೇಟೆಯ ಅಂಗಡಿಯೊಂದಕ್ಕೆ ಡ್ರೈವನ್ನು ಒಯ್ದೆ. ಅಲ್ಲಿಯ ಹುಡುಗ ತನ್ನ ಕಂಪ್ಯೂಟರನ್ನು ಅದರಿಂದ ಎಬ್ಬಿಸಲು ನೋಡಿದ, ಏಳಲಿಲ್ಲ. ಬಳಿಕ ಸುಮ್ಮನೆ ಜೋಡಿಸಿ ನೋಡಿದ. ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ, ಎಂದು ಪರದೆ ಕೇಳಿತು.

"ಡ್ರೈವ್ ಹೋಗಿದೆ ಸರ್. ಖಾಲಿ ತೋರಿಸ್ತಾ ಇದೆ. ಫಾರ್ಮ್ಯಾಟ್ ಹೊಡೆದುಬಿಡ್ಲಾ? ಹತ್ತು ನಿಮಿಷದ ಕೆಲಸ."

ಅವನ ಬೆರಳು ಗುಂಡಿಯ ಹತ್ತಿರವೇ ಇತ್ತು. ನಾನು ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ ತಾಳೆಗರಿಯ ಕಟ್ಟುಗಳಿರುವುದುಂಟು. ಎಷ್ಟೋ ಕಟ್ಟುಗಳ ಲಿಪಿ ತಿಗಳಾರಿ. ಓದಬಲ್ಲವರು ಒಬ್ಬೊಬ್ಬರಾಗಿ ಹೋದ ಮೇಲೆ ಅವು ಒಲೆಗೂ ಹೊಳೆಗೂ ಹೋದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಗರಿ ಖಾಲಿಯಾಗಿರಲಿಲ್ಲ; ಮನೆಯವರಿಗೆ ಲಿಪಿ ತಿಳಿದಿರಲಿಲ್ಲ. ಡಿಸ್ಕಿನ ಸಂಗತಿಯೂ ಇಷ್ಟೇ. ಲಿನಕ್ಸ್ ತನ್ನ ಕಡತಗಳನ್ನು ಇಎಕ್ಸ್‌ಟಿ4 ಎಂಬ ಕ್ರಮದಲ್ಲಿ ಜೋಡಿಸುತ್ತದೆ. ಆ ಕ್ರಮ ಬಾರದ ಯಂತ್ರಕ್ಕೆ ಡ್ರೈವು ಬರಿದಾಗಿ ಕಾಣುತ್ತದೆ, ಅದು ಸಹಾಯ ಮಾಡುವವರಂತೆ ಒರೆಸಿಕೊಡಲೇ ಎಂದು ಕೇಳುತ್ತದೆ. ಎದ್ದು ನಿಲ್ಲದ ಡ್ರೈವು ಬೇರೆ, ಸತ್ತ ಡ್ರೈವು ಬೇರೆ. ಬಹಳ ಜನರ ಫೋಟೋಗಳೂ ಲೆಕ್ಕಪತ್ರಗಳೂ ಈ ವ್ಯತ್ಯಾಸ ತಿಳಿಯದೆ ಹೋಗಿವೆಯೆಂದು ನನ್ನ ಗುಮಾನಿ.

ವಿದ್ಯಾರ್ಥಿಗೆ ಫೋನು ಮಾಡಿದೆ. ಅವನೀಗ ಯಲ್ಲಾಪುರದ ತನ್ನ ಮನೆಯಲ್ಲಿಯೇ ಕೂತು ಬೆಂಗಳೂರಿನ ಕೆಲಸ ಮಾಡುತ್ತಾನೆ. ಅವನಿಗೆ ಸಿಗ್ನಲ್ ಸಿಗುವುದು ತೋಟದ ಮೇಲಿನ ಬೇಣದಲ್ಲಿ, ಒಂದು ಗೇರುಮರದ ಬುಡದಲ್ಲಿ ಮಾತ್ರ. ಆದ್ದರಿಂದ ನಮ್ಮ ಚಿಕಿತ್ಸೆಯೆಲ್ಲ ಕೊಡೆಯ ಮೇಲೆ ಮಳೆ ಬೀಳುವ ಸದ್ದಿನ ಹಿನ್ನೆಲೆಯಲ್ಲಿ ನಡೆಯಿತು.

"ಸರ್, ಮೊದ್ಲು ಕೇಬಲ್ ಬದಲ್ಸಿ ನೋಡಿ," ಎಂದ.

ಇದು ವೈದ್ಯರು ನಾಲಿಗೆ ನೋಡಿದ ಹಾಗೆ. ಹೊರ ಡ್ರೈವಿನಿಂದ ಯಂತ್ರ ಏಳದಿದ್ದಾಗ ಎಷ್ಟೋ ಸಲ ತಪ್ಪು ತಂತಿಯದೋ ಸಡಿಲವಾದ ತೂತಿನದೋ ಆಗಿರುತ್ತದೆ. ತಂತಿ ಬದಲಿಸಿದ್ದಾಯಿತು, ತೂತು ಬದಲಿಸಿದ್ದಾಯಿತು. ಅದೇ ಕಪ್ಪು ಪರದೆ. ಬಿಳಿಯ ಸಾಲುಗಳನ್ನು ಒಂದೊಂದಾಗಿ ಓದಿಸಿದ. ಅದರಲ್ಲೊಂದು ಸಾಲು, ಕಡತವ್ಯವಸ್ಥೆ ಅಸ್ತವ್ಯಸ್ತವಾಗಿದೆ, ಎಫ್‌ಎಸ್‌ಸಿಕೆ ಎಂಬ ದುರಸ್ತಿಯನ್ನು ಕೈಯಾರೆ ನಡೆಸಬೇಕು ಎಂದು ಹೇಳುತ್ತಿತ್ತು.

"ಹಾಗಾದರೆ ನಡೆಸಿಬಿಡಲೇನಪ್ಪಾ?"

"ಬೇಡ ಸರ್. ಅದು ಆಮೇಲೆ. ಮೊದ್ಲು ಹಾಡು."

ಈ ಒಂದು ಮಾತಿಗಾಗಿ ಅವನಿಗೆ ನಾನು ಹಿಂದೆ ಹಳಗನ್ನಡದಲ್ಲಿ ಕೊಟ್ಟ ಕಡಿಮೆ ಅಂಕಗಳನ್ನೆಲ್ಲ ತಿದ್ದಿಕೊಡಲು ಸಿದ್ಧನಿದ್ದೇನೆ. ದುರಸ್ತಿಯೆಂದರೆ ಡಿಸ್ಕಿನ ಮೇಲೆ ಬರೆಯುವುದು. ಬರೆಯುವಾಗ ಇದ್ದದ್ದೂ ಅಳಿಯಬಹುದು. ಆದ್ದರಿಂದ ಮೊದಲು ಓದಿ, ಬೇಕಾದ್ದನ್ನು ಎತ್ತಿಕೊಂಡು, ಬಳಿಕ ಕೈ ಹಚ್ಚಬೇಕು. ಪೆನ್‌ಡ್ರೈವಿನಲ್ಲಿ ಡೆಬಿಯನ್ನಿನ ಲೈವ್ ರೂಪವೊಂದನ್ನು ಮಾಡಿಟ್ಟುಕೊಳ್ಳಬಹುದು. ಎಲ್ಲಿಯೂ ಸ್ಥಾಪಿಸದೆ ಅದರಿಂದಲೇ ಯಂತ್ರವನ್ನು ಎಬ್ಬಿಸಬಹುದು. ಹಾಗೆ ಎಬ್ಬಿಸಿ, ರೋಗಿಯಾದ ಡ್ರೈವನ್ನು ಓದುವುದಕ್ಕೆ ಮಾತ್ರ ಎಂಬ ಕಟ್ಟಳೆಯಲ್ಲಿ ತೆರೆದೆವು. ಹತ್ತೊಂಬತ್ತು ಹಾಡೂ ಇದ್ದುವು. ಒಂದನ್ನು ಒತ್ತಿದೆ. "ಎಂತಕ್ಕೆ ಹಿಡ್ಕತ್ಯೋ ಮಾಣಿ" ಎಂದಿತು. ಫೋನಿನ ಆಚೆ ಗೇರುಮರದ ಕೆಳಗಿನ ಹುಡುಗ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹಾಡುಗಳು ಬೇರೊಂದು ಡಿಸ್ಕಿಗೆ ಸೇರಿದ ಮೇಲೆ ಎಫ್‌ಎಸ್‌ಸಿಕೆ ನಡೆಯಿತು. ಗುರುತು ತಪ್ಪಿದ ಕಡತಗಳನ್ನು ಅದು 'ಕಳೆದದ್ದು-ಸಿಕ್ಕಿದ್ದು' ಎಂಬ ಕೋಣೆಯಲ್ಲಿ ಹೆಸರಿನ ಬದಲು ನಂಬರು ಹಾಕಿ ಕೂರಿಸುತ್ತದೆ. ಜಾತ್ರೆಯಲ್ಲಿ ಕೈತಪ್ಪಿದ ಮಕ್ಕಳನ್ನು ಪೊಲೀಸು ಚೌಕಿಯಲ್ಲಿ ಕೂರಿಸಿದ ಹಾಗೆ. ನನ್ನದೂ ಅಂಥದೊಂದು ಅಲ್ಲಿ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಉಳಿದದ್ದು ಅರ್ಧಕ್ಕೆ ನಿಂತ ಅಪ್‌ಡೇಟು. ಇಲ್ಲಿಯ ಉಪಾಯ ನನ್ನನ್ನು ಬೆರಗುಗೊಳಿಸಿತು. ಪೆನ್‌ಡ್ರೈವಿನಿಂದ ಎದ್ದ ಯಂತ್ರಕ್ಕೆ, ಇನ್ನು ನಿನ್ನ ಮೂಲ ಆ ಡ್ರೈವೇ ಎಂದು ಆಜ್ಞೆ ಮಾಡುವುದು. ಚೇಂಜ್ ರೂಟ್ ಎಂಬ ಈ ವಿದ್ಯೆ 1979ರ ಯುನಿಕ್ಸಿನಿಂದ ಬಂದದ್ದು. ಆಜ್ಞೆಯಾದೊಡನೆ ಹೊರಗಿನ ಪ್ರಾಣ ಮೂರ್ಛೆ ಹೋದ ದೇಹದೊಳಗೆ ಸೇರಿ ಒಳಗಿನಿಂದ ಕೈಕಾಲು ಆಡಿಸುತ್ತದೆ. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕರೆಂಬ ಕಥೆಯಿದೆಯಲ್ಲ, ಅದೇ. ಒಂದು ವ್ಯತ್ಯಾಸವುಂಟು: ಹೊಗುವ ಮುಂಚೆ ಯಂತ್ರದ ಸಾಧನಗಳ ಪಟ್ಟಿ, ನಡೆಯುತ್ತಿರುವ ಕೆಲಸಗಳ ಪಟ್ಟಿ ಮೊದಲಾದುವನ್ನು ಆ ದೇಹಕ್ಕೆ ಜೋಡಿಸಿಕೊಡಬೇಕು, ಇಲ್ಲದಿದ್ದರೆ ಒಳಗೆ ಹೋದವನಿಗೆ ಕಣ್ಣು ಕಿವಿ ಇರುವುದಿಲ್ಲ. ಆಮೇಲೆ, ಬಿಚ್ಚಿಟ್ಟು ಅಲ್ಲಿಗೇ ಬಿಟ್ಟ ಪೊಟ್ಟಣಗಳನ್ನೆಲ್ಲ ಹೊಂದಿಸಿ ಮುಗಿಸು ಎಂಬ ಡಿಪಿಕೆಜಿಯ ಒಂದು ಸಾಲು. ಅದು ಜಾಗ ಸಾಲದೆಂದು ಗೊಣಗಿತು. ಪ್ರತಿ ಹೊಸ ಕರ್ನಲ್ ಬಂದಾಗಲೂ ಹಳೆಯದೊಂದು ಜಗುಲಿಯಲ್ಲಿ ಉಳಿದಿರುತ್ತದೆ. ಹಿಂದಿನದೊಂದನ್ನು ಇಟ್ಟುಕೊಂಡು ಮಿಕ್ಕ ಮುದುಕರನ್ನು ಬೀಳ್ಕೊಟ್ಟೆವು. ಸಂಜೆಯ ಹೊತ್ತಿಗೆ ಡ್ರೈವು ತಾನಾಗಿ ಎದ್ದಿತು.

ಅಂಗಡಿಯಲ್ಲಿ ಅದು ಯಾಕೆ ಏಳಲಿಲ್ಲವೆಂಬ ಪ್ರಶ್ನೆ ಉಳಿದಿತ್ತು. ಬಾಗಿಲು ತೆರೆಯುವ ಕಡತ ಡ್ರೈವಿನಲ್ಲಿಯೇ ಇದೆ, ಆದರೆ ಅದು ಡೆಬಿಯನ್ ಎಂಬ ಹೆಸರಿನ ಕೋಣೆಯಲ್ಲಿದೆ. ಆ ವಿಳಾಸವನ್ನು ನೆನಪಿಟ್ಟುಕೊಂಡಿರುವುದು ನನ್ನ ಲ್ಯಾಪ್‌ಟಾಪು ಒಂದೇ. ಪರವೂರಿನ ಯಂತ್ರಗಳು ಬೂಟ್ ಎಂಬ ಸಾಮಾನ್ಯ ಕೋಣೆಯಲ್ಲಿ ಮಾತ್ರ ಹುಡುಕುತ್ತವೆ. ಹೊರ ಡ್ರೈವಿಗೆ ಅಲ್ಲಿಯೂ ಒಂದು ಪ್ರತಿ ಇಡುವುದು ಒಳ್ಳೆಯದು. ಹಾಗೆ ಇಡಬಹುದಾದ ಏರ್ಪಾಡು ಡೆಬಿಯನ್ನಿನಲ್ಲಿಯೇ ಇದೆ. ಇಟ್ಟೆವು. ಮರುವಾರ ಕಾನಸೂರಿನ ಮೇಲೆ ಸಿದ್ದಾಪುರಕ್ಕೆ ಹೋಗಿ ಷಡ್ಡಕರ ಕಂಪ್ಯೂಟರಿಗೆ ಜೋಡಿಸಿದರೆ, ಅಲ್ಲಿಯೂ ನನ್ನದೇ ಪರದೆ, ನನ್ನದೇ ಕಗಪ. ಅಮಾವಾಸ್ಯೆಗೆ ಕಾಯದೆ ಹಾಡುಗಳ ಮೂರನೆಯ ಪ್ರತಿಯನ್ನು ಅಲ್ಲಿಯೇ ಬಿಟ್ಟು ಬಂದೆ.

ನಂಬರು ಹಾಕಿ ಕೂರಿಸಿದ ಕಡತದಲ್ಲಿ ಸಿಕ್ಕಿದ್ದು ಅಂದು ಬೆರಳಚ್ಚು ಮಾಡುತ್ತಿದ್ದ ಹಾಡಿನ ಮೊದಲ ಎರಡು ನುಡಿ. ಮಿಕ್ಕದ್ದನ್ನು ಮುದ್ರಿಕೆ ಕೇಳಿ ಮತ್ತೆ ಬರೆದೆ. ಮದುಮಗಳನ್ನು ಸಿಂಗರಿಸುವ ಹಾಡು. ಮಾಲೆಯ ವಿಷಯ ಬರುವಲ್ಲಿ ಮಳೆ ಜೋರಾಗಿ ಹಂಚಿನ ಮೇಲೆ ಬಿದ್ದು ಒಂದು ಪದದ ಸ್ವರವನ್ನು ನುಂಗಿಬಿಟ್ಟಿದೆ. ಸರಿಗೆಯೋ, ಸುರಿಗೆಯೋ, ಸುರಗಿಯೋ? ಜರಿಯೂ ಆಗಬಹುದು, ಹೂವೂ ಆಗಬಹುದು. ಮದುಮಗಳಿಗೆ ಕತ್ತಿ ಕಟ್ಟುವ ಹಳೆಯ ಸಂಪ್ರದಾಯ ಏನಾದರೂ ಇದ್ದರೆ ಸುರಿಗೆಯನ್ನೂ ಪಂಡಿತನಾದವನು ಬಿಡುವಂತಿಲ್ಲ. ಮುದ್ರಿಕೆಯನ್ನು ಎಷ್ಟು ಸಲ ತಿರುಗಿಸಿ ಕೇಳಿದರೂ ಮಳೆಯೇ ಕೇಳಿಸುತ್ತದೆ.

ಭಾನುವಾರ ಯಲ್ಲಾಪುರದ ಬಸ್ಸು ಹಿಡಿದೆ. ಅತ್ತೆ ದಿಂಬಿಗೆ ಒರಗಿ ಕೂತಿದ್ದಳು. ಹಾಡನ್ನು ಆ ಸಾಲಿನವರೆಗೆ ಕೇಳಿಸಿ ನಿಲ್ಲಿಸಿ, ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದೆ. ಸರಿಗೆಗೆ ಆಕೆ ಸುಮ್ಮನಿದ್ದಳು. ಸುರಿಗೆಗೆ ಹುಬ್ಬು ಗಂಟಾಯಿತು. ಸುರಗಿ ಎಂದಾಗ ಎಡಗೈ ನಿಧಾನವಾಗಿ ಎದ್ದು, ತಲೆಯ ಹಿಂದೆ, ಹೂ ಮುಡಿಯುವಲ್ಲಿಗೆ ಹೋಯಿತು.