ನೀವ್ ಸ್ವಲ್ಪ ಹೊರಗ ನಿಂದರ್ರಿ

ನಮ್ಮಪ್ಪ ಬಸ್ಸು ಹತ್ತೋದು ಬಿಟ್ಟು ಎರಡು ವರ್ಷ ಆಗಿತ್ತು. ಅಫಜಲಪುರದಿಂದ ಗಾಣಗಾಪುರಕ್ಕೆ ಹೋಗೋಣ ಅಂದ್ರೂ ಏನಾದರೊಂದು ನೆಪ. ಸೊಲ್ಲಾಪುರದಲ್ಲಿ ಸ್ವಂತ ತಂಗಿಯ ಮಗಳ ಮದುವೆಗೂ ಹೋಗಲಿಲ್ಲ. ವಯಸ್ಸಾಯ್ತು, ತಿರುಗಾಟ ಬೇಸರ ಅಂದ್ಕೊಂಡಿದ್ದೆ. ಬೇಸಿಗೆಯಲ್ಲಿ ಊರಿಗೆ ಹೋದಾಗ ನೋಡ್ತೀನಿ, ಆ ಬಿಸಿಲಲ್ಲೂ ಸಂಜೆ ಆರರ ಮೇಲೆ ನೀರು ಮುಟ್ಟಲ್ಲ. ರಾತ್ರಿ ಬಾಗಿಲ ಚಿಲಕ ಐದು ಸಲ ಸಪ್ಪಳ ಮಾಡಿತು.

"ಬೆಂಗಳೂರಿಗೆ ಬಾ, ತೋರಿಸೋಣ" ಅಂದೆ. "ರೈಲಾದ್ರ ಬರ್ತೀನಿ" ಅಂದರು. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ರೈಲಿನಲ್ಲಿ ಶೌಚಾಲಯ ಇರುತ್ತೆ ಅನ್ನೋದೇ ಕಾರಣ ಅಂತ ಆಗ ನನಗೆ ಹೊಳೆಯಲಿಲ್ಲ.

ಗಂಡು ಡಾಕ್ಟರೇ ಆಗಬೇಕು ಅನ್ನೋದು ಇನ್ನೊಂದು ಷರತ್ತು. ಅದು ಕಷ್ಟವಾಗಲಿಲ್ಲ. ನಮ್ಮ ದೇಶದ ಮೂತ್ರರೋಗ ತಜ್ಞರಲ್ಲಿ ಬಹುಪಾಲು ಗಂಡಸರೇ. ಸಿಕ್ಕವರು ಒಳ್ಳೆಯ ಡಾಕ್ಟರು, ಆದರೆ ಅವರಿಗೆ ಬರೋದು ಇಂಗ್ಲಿಷು, ಹಿಂದಿ. ಅಪ್ಪನದು ಸಂತೆ ಹಿಂದಿ, ತೊಗರಿ ಮಾರೋಕೆ ಸಾಕು, ಇದಕ್ಕೆ ಸಾಲದು. ಹಾಗಾಗಿ ನಡುವೆ ನಾನು ದುಭಾಷಿ.

ಕೈಗೆ ಒಂದು ಫಾರ್ಮ್ ಕೊಟ್ಟರು. ಪ್ರಾಸ್ಟೇಟ್ ತೊಂದರೆ ಅಳೆಯೋಕೆ ಬೇರೆ ಬೇರೆ ದೇಶಗಳಲ್ಲಿ ಬಳಸುವ ಐಪಿಎಸ್‌ಎಸ್ ಅನ್ನೋ ಪ್ರಶ್ನಾವಳಿ. ಏಳು ಪ್ರಶ್ನೆ, ಒಂದೊಂದಕ್ಕೆ 0ಯಿಂದ 5 ಅಂಕ, ಒಟ್ಟು 35. 7ರವರೆಗೆ ಸೌಮ್ಯ, 19ರವರೆಗೆ ಮಧ್ಯಮ, 20 ಮುಟ್ಟಿದರೆ ತೀವ್ರ. ಕೊನೆಗೆ ಎಂಟನೆಯ ಪ್ರಶ್ನೆ: ಉಳಿದ ಜೀವನವೆಲ್ಲ ಹೀಗೇ ಕಳೆಯಬೇಕು ಅಂದ್ರೆ ನಿಮಗೆ ಹೇಗನ್ನಿಸುತ್ತೆ?

"ಮೂತ್ರ ವಿಸರ್ಜನೆ ಆದ ಮೇಲೆ ಮೂತ್ರಕೋಶ ಪೂರ್ತಿ ಖಾಲಿಯಾಗಿಲ್ಲ ಅನ್ನಿಸುತ್ತಾ?" ಅಂತ ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿದೆ. ಅಪ್ಪ ಗೋಡೆ ನೋಡುತ್ತಾ "ಏನಿಲ್ಲಪ" ಅಂದರು. ಮುಂದಿನವಕ್ಕೂ ಹೆಚ್ಚುಕಡಿಮೆ ಅದೇ ಉತ್ತರ. ಒಟ್ಟು 4. ಚಿಲಕದ ಸಪ್ಪಳ ನೆನಪಿತ್ತು, ಆದರೆ ಅಪ್ಪನ ಮುಖಕ್ಕೆ "ಸುಳ್ಳು" ಅಂತ ಹೇಗನ್ನೋದು? ಎಂಟನೆಯದನ್ನು ಕೇಳೋಕೆ ನನಗೇ ಬಾಯಿ ಬರಲಿಲ್ಲ.

ಸ್ಕ್ಯಾನಿಂಗ್ ಬೇರೆಯೇ ಹೇಳಿತು. ಪ್ರಾಸ್ಟೇಟ್ ದಪ್ಪವಾಗಿದೆ, ಮೂತ್ರ ಮಾಡಿ ಬಂದ ಮೇಲೂ ಚೀಲದಲ್ಲಿ ಸಾಕಷ್ಟು ಉಳಿದಿದೆ. ಡಾಕ್ಟರು ಫಾರ್ಮ್ ನೋಡಿ, ಅಪ್ಪನ್ನ ನೋಡಿ, ತಮ್ಮ ಜೂನಿಯರ್‌ನ ಕರೆದರು. ಎಂಎಸ್ ಮುಗಿಸಿ ಯುರಾಲಜಿಯಲ್ಲಿ ಎಂಸಿಎಚ್ ಮಾಡುತ್ತಿದ್ದ ಹೆಣ್ಣುಮಗಳು, ಇಂಡಿ ಕಡೆಯವರು. ಅಪ್ಪ ಎದ್ದೇ ಬಿಡ್ತಾರೆ ಅಂದ್ಕೊಂಡೆ. ಅವರು ಮೊದಲು ನನ್ನ ಕಡೆ ತಿರುಗಿ "ನೀವ್ ಸ್ವಲ್ಪ ಹೊರಗ ನಿಂದರ್ರಿ" ಅಂದರು.

ಬಾಗಿಲು ಮುಚ್ಚುವಾಗ ಕಿವಿಗೆ ಬಿದ್ದದ್ದು ಇಷ್ಟೇ: "ಕಾಕಾ, ರಾತ್ರಿ ಒಂದಕ್ಕ ಎಷ್ಟ್ ಸಲ ಏಳ್ತೀರಿ? ಧಾರಿ ಮುಂದ ಬೀಳ್ತದೋ, ಕಾಲ ಮ್ಯಾಗ ಬೀಳ್ತದೋ?"

ಇಪ್ಪತ್ತು ನಿಮಿಷ ಆಯ್ತು. ಅಂಕ 23. ಬಸ್ಸಿನ ಕಥೆ, ಮದುವೆಯ ಕಥೆ, ಒಮ್ಮೆ ಧೋತರ ತೊಯ್ದದ್ದು, ಎಲ್ಲ ಹೇಳಿದ್ದರಂತೆ. ಕೈಯಿಂದ ಮುಟ್ಟಿ ಪರೀಕ್ಷೆ ಮಾಡುವ ಹೊತ್ತಿಗೆ ಮಾತ್ರ "ನೀ ಬ್ಯಾಡವ್ವ" ಅಂದರಂತೆ. "ಆಗ್ಲಿ ಕಾಕಾ, ಸರ್ ನೋಡ್ತಾರ" ಅಂತ ಅವರು ಹೊರಗೆ ಬಂದರು. ಮಾತಾಡೋಕೆ ಅಪ್ಪನಿಗೆ ಬೇಕಿದ್ದದ್ದು ತನ್ನ ಭಾಷೆ, ಮುಟ್ಟಿಸಿಕೊಳ್ಳೋಕೆ ಬೇಕಿದ್ದದ್ದು ಗಂಡಸು. ಎರಡಕ್ಕೂ ಬೇಡವಾಗಿದ್ದವನು ನಾನು, ಪಕ್ಕದಲ್ಲಿ ಕೂತ ಮಗ. ಭಾಷೆ ಗೊತ್ತಿದೆ ಅಂದ ಮಾತ್ರಕ್ಕೆ ದುಭಾಷಿ ಆಗಲು ಬರಲ್ಲ ಅಂತ ಅವತ್ತು ತಿಳೀತು.

ಟ್ಯಾಮ್ಸುಲೋಸಿನ್ ಶುರುವಾಯ್ತು. ಪ್ರಾಸ್ಟೇಟ್ ಮತ್ತು ಮೂತ್ರಚೀಲದ ಬಾಯಿಯ ಸ್ನಾಯು ಸಡಿಲ ಮಾಡುವ ಗುಳಿಗೆ ಅದು. ವಾರ ಕಳೆಯೋದರಲ್ಲಿ ಅಪ್ಪ ರಾತ್ರಿ ಏಳೋದು ಎರಡು ಸಲಕ್ಕೆ ಇಳಿಯಿತು.

ಅವತ್ತು ರಾತ್ರಿ ಅವ್ವನ ಫೋನು. ಅಪ್ಪನ ಸುದ್ದಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಡಾಕ್ಟರ್‌ಬಾಯಿ ಹೆಣ್ಣಮಕ್ಕಳಿಗೂ ನೋಡ್ತಾಳೇನು?" ಅಂದಳು.

ನನ್ನ ತಂಗಿ ಹುಟ್ಟಿದಾಗಿನಿಂದ ಅವ್ವನಿಗೆ ಕೆಮ್ಮಿದರೆ, ಕೊಡ ಎತ್ತಿದರೆ ಮೂತ್ರ ಹೋಗ್ತದಂತೆ. ಇಪ್ಪತ್ತೆಂಟು ವರ್ಷ. ಸೊಲ್ಲಾಪುರದಲ್ಲಿ ಚಲೋ ಕನ್ನಡ ಮಾತಾಡೋ ಡಾಕ್ಟರ ಹತ್ರ ಎರಡು ಸಲ ಹೋಗಿದ್ದಳು. ಎರಡು ಸಲವೂ ಸೊಂಟ ನೋವು ಅಂತ ಗುಳಿಗೆ ತಗೊಂಡು ಬಂದಿದ್ದಳು. ಭಾಷೆ ಇತ್ತು, ಆದರೆ ಆತ ಗಂಡಸು, ಪಕ್ಕದಲ್ಲಿ ಅಪ್ಪ ಬೇರೆ. ಇದಕ್ಕೆ ವ್ಯಾಯಾಮ ಇದೆ, ಚಿಕಿತ್ಸೆ ಇದೆ ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ.

ಮುಂದಿನ ತಿಂಗಳು ಅವ್ವ ಬಂದಳು. ಆ ಡಾಕ್ಟರು ನನ್ನ ಗುರುತು ಹಿಡಿದು ನಕ್ಕರು. ಈ ಸಲ ಅವರು ಹೇಳೋ ಮೊದಲೇ ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.